ಎಡಬಿಡದೆ

ಸಂಡರ್ಲೆಂಡ್. ಫೆಬ್ರವರಿ. ಬೆಳಗಿನಿಂದ ಮೂರನೆಯ ಬಸಿರು.
ಜೆಲ್ಲು ಬೆಚ್ಚಗಿದೆ ಎಂದರೂ ಬೆಚ್ಚುತ್ತಾರೆ ಎಲ್ಲರೂ;
ಬ್ರೈಯನಿ ನಕ್ಕಳು. ಇಪ್ಪತ್ತು ವಾರ.
ಮೂಲೆಯ ಕುರ್ಚಿಯಲ್ಲಿ ಕ್ರೇಗ್, ಬಸ್ಸಿನ ಡ್ರೈವರು,
ಪಾಳಿ ಮುಗಿಸಿ ಹಾಗೇ ಬಂದವನು,
ತೊಡೆಯ ಮೇಲೆ ತೆರೆಯದ ಊಟದ ಡಬ್ಬಿ.

ಮೊದಲು ತಲೆ ಎಲ್ಲಿ, ಬೆನ್ನು ಎತ್ತ.
ಆಮೇಲೆ ಎಡ ಯಾವುದು:
ನನ್ನದಲ್ಲ, ತಾಯಿಯದಲ್ಲ,
ನೀರೊಳಗೆ ತಲೆಕೆಳಗಾಗಿ ತೇಲುವ ಕೂಸಿನ ಎಡ.

ಜಠರದ ಕಪ್ಪು ಗುಳ್ಳೆ ಬಲಕ್ಕೆ.
ಹೃದಯವೂ.

ಅನುಮಾನಿಸಿದ್ದು ನನ್ನ ಕೈಯನ್ನೇ.
ಎಡಚಿ ನಾನು. ಹಾವೇರಿಯ ಶಾಲೆಯಲ್ಲಿ
ಬಳಪ ಹಿಡಿದ ಗೆಣ್ಣಿಗೆ ಬಿದ್ದ ಅಡಿಪಟ್ಟಿ
ಈಗಲೂ ಒಮ್ಮೊಮ್ಮೆ ಬೀಳುತ್ತದೆ.
ಬಲವೆಂದರೆ ಶಕ್ತಿಯೂ ಹೌದು ನಮ್ಮ ನುಡಿಯಲ್ಲಿ;
ಎಡದ ಪಾಲಿಗೆ ಬಂದದ್ದು ಎಡವಟ್ಟು.
ಪ್ರೋಬಿನ ಅಂಚಿನ ಗೀರು ತಡವಿ ನೋಡಿದೆ.
ತಿರುಗಿಲ್ಲ. ಸರಿಯಾಗೇ ಹಿಡಿದಿದ್ದೇನೆ.

ಹೋದ ಅಕ್ಟೋಬರಿನಲ್ಲಿ ಒಂದು ಹೃದಯ ಕಂಡಿದ್ದೆ,
ತೂತಿನಿಂದ ಮೇಲೇರಿ ಬಂದ ಕರುಳು
ಅದನ್ನು ಗೋಡೆಗೆ ಒತ್ತಿ ನಿಲ್ಲಿಸಿತ್ತು.
ಆ ಹೆಂಗಸಿನ ಹೆಸರು ನೆನಪಿದೆ, ಹೇಳುವುದಿಲ್ಲ.
ಇದು ಹಾಗಲ್ಲ. ತುದಿಯೂ ಬಲಕ್ಕೇ ಮುಖ ಮಾಡಿದೆ,
ಯಾರೂ ತಳ್ಳಿದ್ದಲ್ಲ,
ತಾನೇ ಹೋಗಿ ಕೂತದ್ದು.

ಸಾಸಿವೆಗಿಂತ ಸಣ್ಣದಿದ್ದಾಗಲೇ
ಒಡಲಿನ ಪುಟ್ಟ ಹಳ್ಳದಲ್ಲಿ ನವಿರು ಕೂದಲುಗಳು
ಗಿರಗಿರ ತಿರುಗಿ ನೀರನ್ನು ಎಡಕ್ಕೆ ದೂಡುತ್ತವಂತೆ.
ಯಾವುದು ಯಾವ ಕಡೆ ಎಂದು ದೇಹ ಕಲಿಯುವುದು
ಆ ಒಂದು ಬೊಗಸೆಯೂ ಅಲ್ಲದ ಹೊಳೆಯಿಂದ.
ಇಲ್ಲಿ ಹೊಳೆ ಹರಿಯಲಿಲ್ಲವೋ ಏನೋ.

ನನ್ನ ಮೌನ ತುಸು ಉದ್ದವಾಯಿತು.
"ಏನಾದರೂ?" ಎಂದ ಕ್ರೇಗ್.
ಹೇಳಿದೆ: ಒಳಗೆಲ್ಲ ಕನ್ನಡಿಯಲ್ಲಿದ್ದ ಹಾಗೆ ಅದಲುಬದಲು.
ಹಾಗೆಯೇ ಮುಪ್ಪಿನವರೆಗೆ ಬಾಳಿದವರು ಎಷ್ಟೋ ಮಂದಿ.
ಆದರೆ ಕೊಳವೆಗಳೆಲ್ಲ ತಂತಮ್ಮ ಬಾಗಿಲಿಗೇ ಹೋಗಿವೆಯೇ
ಎಂಬುದನ್ನು ಗುರುವಾರ ನ್ಯೂಕಾಸಲ್‌ನಲ್ಲಿ ನೋಡುತ್ತಾರೆ.
ಅಲ್ಲಿಯವರೆಗೆ ನನಗೆ ಗೊತ್ತಿಲ್ಲ,
ಗೊತ್ತಿದ್ದೂ ಮುಚ್ಚಿಡುತ್ತಿಲ್ಲ.

"ಅಂದರೆ ಫ್ರಾನ್ಸಿನವರ ಹಾಗೆ ಗಾಡಿ ಓಡಿಸೋನು," ಎಂದ.
ಯಾರೂ ನಗಲಿಲ್ಲ. ಡಬ್ಬಿಯ ಮುಚ್ಚಳ
ತೆಗೆದ, ಹಾಕಿದ, ತೆಗೆದ.

ಬ್ರೈಯನಿ ತೆರೆಯಿಂದ ಕಣ್ಣು ಕೀಳದೆ ಕೇಳಿದಳು,
"ಸದ್ದು ಕೇಳಿಸ್ತೀರಾ?"

ಕೇಳಿಸಿದೆ. ಎಡವನ್ನು ಬಿಟ್ಟ ಹೃದಯ
ಬಡಿಯುತ್ತಿತ್ತು, ಎಡಬಿಡದೆ.
ಇದನ್ನು ಇವಳ ಭಾಷೆಯಲ್ಲಿ ಹೇಗೆ ಹೇಳಲಿ?
ಜೆಲ್ಲೊರೆಸಲು ಕಾಗದ ಚಾಚಿದೆ,
ಎಡಗೈಯಲ್ಲೇ.