ಷರಾ

ರಾತ್ರಿ ಎರಡು ನಲವತ್ತು. ಗದಗಿನಾಚೆಯ ಸಬ್‌ಸ್ಟೇಷನ್ನು.
ಪರದೆಯ ಮೇಲೆ ಕಪ್ಪತಗುಡ್ಡ ಒಂದು ಹಸಿರು ಗೆರೆ,
ಏರುತ್ತಲೇ ಇದೆ. ಆಷಾಢ ಅಂದರ ಹಂಗ.

ಫೋನು: "ಮೇಡಂ, ನಲವತ್ತು ಮೆಗಾವ್ಯಾಟ್ ಇಳಿಸಿ.
ಎಲ್ಲಾ ಮಲಗಿದ್ದಾರೆ, ತಗೊಳ್ಳೋರಿಲ್ಲ."

ಇಳಿಸಿದೆ.
ಗುಡ್ಡದ ಮೇಲೆ ಒಂದೊಂದೇ ರೆಕ್ಕೆ ಮಗ್ಗುಲಾಯಿತು,
ಕೊಡಲು ಬಂದವರಿಗೇ ಮುಖ ತಿರುವಿದ ಹಾಗೆ.
ಕೆಂಪು ದೀಪ ಮಾತ್ರ ಮಿಣಮಿಣ.

ಡೋಣಿಯ ಕಣದಲ್ಲಿ ಅವ್ವ
ಜೋಳದ ರಾಶಿ ಮುಂದ ಮೊರ ಎತ್ತಿ ಹಿಡಿದು
ಹೊತ್ತಿಳಿಯುವ ತನಕ ನಿಂತಿದ್ದಳು ಒಮ್ಮೆ.
ಒಂದೆಲೆ ಅಲುಗಲಿಲ್ಲ.
"ಹಣಮಪ್ಪಾ, ನಿಮ್ಮಪ್ಪನ್ನ ಕಳಸೋ!" ಅಂತ
ಗುಡ್ಡದ ಕಡೆ ಒದರಿದಳು.
ನಾವು ಹುಡುಗರು ನಕ್ಕೆವು. ಹೊಟ್ಟು
ಮೈತುಂಬ ತುರಿಸುತ್ತಿತ್ತು.

ಗಾಳಿ ಬಂದಾಗ ತೂರಿಕೋ ಅಂತಾರ.
ಬಂದೈತಿ ನೋಡವ್ವಾ,
ಕಣದಾಗ ಯಾರೂ ಇಲ್ಲ.

ಮೊನ್ನೆ ಇದನ್ನೇ ಹೇಳಿದರೆ
ಕೌದಿಯಲ್ಲಿ ಸೂಜಿ ನಿಲ್ಲಿಸಿ ಕೇಳಿದಳು:
"ಹೆಚ್ಚಾದ ಜೋಳಕ್ಕ ಹಗೇವು ಇತ್ತಲ್ಲ,
ಗಾಳಿಗೂ ಒಂದು ತೋಡಬಾರದೇನ?"

ತೋಡುತ್ತಿದ್ದಾರೆ. ಯಾರ್ಡಿನ ಹಿಂದೆ
ಬ್ಯಾಟರಿ ಡಬ್ಬಿಗಳಿಗೆಂದು ಹಾಸಿದ ಕಾಂಕ್ರೀಟು
ಇನ್ನೂ ಹಸಿ. ನಾಯಿಯೊಂದು
ಅಡ್ಡಡ್ಡ ದಾಟಿಹೋಗಿದೆ, ಅದರ ನಾಲ್ಕು ಹೆಜ್ಜೆ
ಈಗ ಅಲ್ಲಿನ ಮೊದಲ ದಾಸ್ತಾನು.

ಲಾಗ್‌ಬುಕ್ಕಿನಲ್ಲಿ ಬರೆದೆ:
೦೨.೪೦. ಆದೇಶದಂತೆ ಕಡಿತ. ನಲವತ್ತು.
ಷರಾ ಕಾಲಮ್ಮು ಖಾಲಿ ಬಿಡುವುದು ರೂಢಿ.

'ಗಾಳಿ ಇತ್ತು' ಅಂತ ಬರೆದು
ಸಹಿ ಮಾಡಿದೆ.