ಕೊಟ್ಟ ಲೆಕ್ಕ

ಹಗಲೆಲ್ಲ ನಾನು ಲಾರಿ ತೂಗುವವಳು.
ದಾವಣಗೆರೆ ಎಪಿಎಂಸಿಯ ವೇಬ್ರಿಡ್ಜಿನ ಮೇಲೆ
ಮೆಕ್ಕೆಜೋಳ ತುಂಬಿ ಬಂದದ್ದು ಒಂದು ಅಂಕಿ,
ಸುರಿದು ಹಗುರಾಗಿ ಹೊರಟದ್ದು ಇನ್ನೊಂದು,
ಕಳೆದರೆ ಉಳಿದದ್ದೇ ಮಾಲು.
ತುಂಬಿದ್ದಾಗ ಕೂತಿದ್ದ ಕ್ಲೀನರು
ಖಾಲಿಯಾದಾಗ ಮೆಲ್ಲಗೆ ಇಳಿದರೆ
ಅವನೂ ಐವತ್ತೈದು ಕಿಲೋ ಜೋಳ.

ಸಂಜೆ ಹೈಸ್ಕೂಲು ಮೈದಾನದ ಮೂಲೆಯ ಕೋರ್ಟಿಗೆ ಹೋಗುತ್ತೇನೆ.
ಕೊಟ್ರೇಶಿ ಮೇಷ್ಟ್ರು ನೋಟ್‌ಬುಕ್ಕು ಕೈಗಿಟ್ಟು ಹೇಳಿದ್ದು ಇಷ್ಟೇ:
"ಬುಟ್ಟಿಗೆ ಹಾಕ್ದೋರ್ನ ಎಲ್ರೂ ಬರ್ಕಂತಾರೆ.
ಕೊಟ್ಟೋರ್ನ ನೀನು ಬರ್ಕ."

ಮೊದಮೊದಲು ಸುಲಭವಿತ್ತು.
ಚೆಂಡು ಬಲೆ ದಾಟಿದರೆ ಅದರ ಹಿಂದಿನ ಕೈಗೊಂದು ಗೀಟು,
ನಾಲ್ಕು ನಿಂತ ಮೇಲೆ ಅಡ್ಡ ಐದನೆಯದು,
ಹಮಾಲರು ಚೀಲ ಎಣಿಸುವ ಹಾಗೆ.

ಹದಿನಾಲ್ಕು ಪಂದ್ಯ ಮುಗಿದಾಗ
ಫಿರ್ದೋಸ್ ಹೆಸರಿನ ಮುಂದೆ ಒಂಬತ್ತೇ.
ಕಣ್ಣು ಒಂದು ಕಡೆ, ಕೈ ಇನ್ನೊಂದು ಕಡೆ;
ಎದುರಿನವಳು ಎತ್ತಿದ ಹೆಜ್ಜೆ ನೆಲ ಮುಟ್ಟುವ ಮೊದಲೇ
ಸೋನಿಬಾಯಿಯ ಅಂಗೈಗೆ ಚೆಂಡು ತಂದಿಡುವವಳು.
ಸೋನಿಬಾಯಿ ಎಸೆಯುತ್ತಾಳೆ. ಕಬ್ಬಿಣದ ಬಳೆ ಠಣ್ಣೆನ್ನುತ್ತದೆ.
ಎತ್ತಿದ ಪೆನ್ಸಿಲ್ಲು ಎತ್ತಿದಲ್ಲೇ.
ಬಡಿಸಿದವಳ ಲೆಕ್ಕವನ್ನು
ಉಂಡವಳಿಗೆ ಅರಗಿದ ಮೇಲೆ ಬರೆಯುವುದೇ?

ಹೊಸ ಕಾಲಂ ಎಳೆದೆ: ತಪ್ಪಿದರೂ ಕೊಟ್ಟದ್ದು.
ಮರುವಾರ ಇನ್ನೊಂದು: ಕೊಟ್ಟವಳಿಗೆ ಕೊಟ್ಟವಳು.
ಅಲ್ಲಿ ದಾಕ್ಷಾಯಿಣಿ ದಿಢೀರನೆ ಎದ್ದು ಬಂದಳು,
ಇಷ್ಟು ದಿನ ನನ್ನ ಪುಟದಲ್ಲಿ ಇಲ್ಲದೆಯೇ ಆಡಿದ್ದವಳು.

ಸಾಲದೆ, ಕೊಟ್ಟದ್ದನ್ನೆಲ್ಲ ಎಣಿಸಿದೆ.
ಕರಿಬಸಮ್ಮ ಎಲ್ಲರಿಗಿಂತ ಮೇಲೆ: ಪಂದ್ಯಕ್ಕೆ ಅರವತ್ತೊಂದು.
ಮೇಷ್ಟ್ರಿಗೆ ಹಿಗ್ಗು.
ನಾನು ಅವಳ ಕೈ ನೋಡಿದೆ.
ಭಟ್ಟಿಯಿಂದ ಆಗಷ್ಟೇ ಬಿದ್ದ ಮಂಡಕ್ಕಿ ಹಿಡಿದ ಹಾಗೆ
ಬಂದದ್ದೇ ತಡ ಆಚೆಗೆ.
ಕೊಟ್ಟಳೋ, ಕೈ ತೊಳೆದುಕೊಂಡಳೋ?
ಎರಡಕ್ಕೂ ನನ್ನಲ್ಲಿರುವುದು ಒಂದೇ ಗೀಟು.

ಅದು ನನಗೆ ಗೊತ್ತು.
ಹದಿನೇಳು ವರ್ಷದ ಹಿಂದೆ, ಇದೇ ಬಳೆಯ ಕೆಳಗೆ,
ಮೂರು ಸೆಕೆಂಡು ಉಳಿದಿದ್ದಾಗ
ನನ್ನೆದುರು ಯಾರೂ ಇರಲಿಲ್ಲ.
ಪಕ್ಕದವಳಿಗೆ ದಾಟಿಸಿಬಿಟ್ಟೆ.
ಸ್ವಾರ್ಥವೇ ಇಲ್ಲದ ಹುಡುಗಿ ಎಂದು ಮೈಕಿನಲ್ಲಿ ಹೊಗಳಿ
ಒಂದು ಸ್ಟೀಲ್ ಲೋಟ ಕೊಟ್ಟರು.
ಈಗಲೂ ಚಹಾ ಅದರಲ್ಲೇ.

ಫಿರ್ದೋಸಳ ಪಾದ ಉಳುಕಿ
ಹರಿಹರದ ಎರಡು ಪಂದ್ಯ ಬೆಂಚಿನಲ್ಲಿ ಕೂತಾಗ
ನನ್ನ ಹಗಲಿನ ಬುದ್ಧಿ ಎಚ್ಚರವಾಯಿತು.
ಇದ್ದಾಗ ನೂರು ಎಸೆತಕ್ಕೆ ನಲವತ್ತನಾಲ್ಕು ಬುಟ್ಟಿಗೆ,
ಇಲ್ಲದಾಗ ಮೂವತ್ತೊಂದು.
ತುಂಬಿದ ಲಾರಿ, ಖಾಲಿ ಲಾರಿ,
ಹದಿಮೂರು ಅವಳ ತೂಕ!
ಸಿಕ್ಕಿತು ಎಂದು ಕೆಳಗೆ ಎರಡು ಗೆರೆ ಎಳೆಯುವಷ್ಟರಲ್ಲಿ
ಬೆಂಚಿನಿಂದ ಅವಳ ಕೂಗು:
"ಕರಿಬಸೀ, ಕೊಡಬ್ಯಾಡ! ಇಟ್ಕ! ಇಟ್ಕ!"

ಕರಿಬಸಮ್ಮ ಇಟ್ಟುಕೊಂಡಳು.
ಒಂದು. ಎರಡು.
ಇಬ್ಬರು ಅವಳ ಮೇಲೆ ಏರಿ ಬಂದರು,
ಅವರು ಬಿಟ್ಟುಬಂದ ಜಾಗದಲ್ಲಿ ಸೋನಿಬಾಯಿ ಒಬ್ಬಳೇ,
ಆಗ ಕೊಟ್ಟಳು.
ಬಲೆ ಸದ್ದಿಲ್ಲದೆ ಒಮ್ಮೆ ತುಳುಕಿತು.

ಹಾಗಾದರೆ ಖಾಲಿ ತೂಗಿದೆ ಅಂದುಕೊಂಡಾಗೆಲ್ಲ
ಲಾರಿಯ ಮೇಲೆ ಒಬ್ಬಳು ಕೂತೇ ಇದ್ದಳು.
ಎಳೆಯಬೇಕಿದ್ದ ಗೆರೆ ಎಳೆಯಲಿಲ್ಲ.

ಜಿಲ್ಲಾ ತಂಡಕ್ಕೆ ಪಟ್ಟಿ ಕಳಿಸುವ ದಿನ ಮೇಷ್ಟ್ರು ಕೇಳಿದರು,
"ಒಬ್ಬೊಬ್ರಿಗೂ ಒಂದೇ ಅಂಕಿ ಕೊಡವ್ವ, ಪುರಾಣ ಬ್ಯಾಡ."
ಬರೆದೆ. ಅಳಿಸಿದೆ. ಹಾಳೆ ಒಂದು ಕಡೆ ತೂತಾಯಿತು.
ಕರಿಬಸಮ್ಮನ ಅರವತ್ತೊಂದನ್ನು ಹೊಡೆದುಹಾಕಿ
ಪಕ್ಕದಲ್ಲಿ ಎರಡು ಅಂತ ಬರೆದುಕೊಟ್ಟೆ.

ಮೇಷ್ಟ್ರು ಕನ್ನಡಕ ಹಣೆಗೇರಿಸಿದರು:
"ಎರಡೇ ಕೊಟ್ಟಿದ್ದಾ?"
"ಅಲ್ಲ ಸಾ, ಎರಡು ಸೆಕೆಂಡು.
ಇಟ್ಕಂಡಿದ್ದು."