ತುದಿ ಗೊತ್ತಿದ್ದಾಕಿ

ರವಿವಾರ. ಯಾದಗಿರಿ ತಹಶೀಲ ಕಚೇರಿ.
ಹೊರಗ ಬಿಸಿಲು ಬಾಗಲಾ ಬಡೀತದ,
ಒಳಗ ಕಬ್ಬಿಣದ ರ‍್ಯಾಕ್ ಒಂದು
ಹೊಟ್ಟಿ ಹರಕೊಂಡು ನಿಂತದ:
ನೀಲಿ, ಹಳದಿ, ಬೂದಿ, ಒಂದೇ ಒಂದು ಕೆಂಪು.
ಹನ್ನೆರಡು ವರ್ಷದ ತಂತಿ,
ಜಗಳಾಡಿ, ಒಬ್ಬರ ಕೊಳ್ಳಾಗ ಒಬ್ಬರು ಕೈ ಇಟ್ಟು
ಹಂಗೇ ನಿದ್ದಿ ಹೋದಾಂಗ.

ನಾಳೆ ಹತ್ತಕ್ಕ ಪಹಣಿಗೆ ಪಾಳಿ ಹಚ್ಚತಾರ ಮಂದಿ.
ಅಷ್ಟರೊಳಗ ಇದನ್ನ ಬಾಚಿ ಹೆಣಲು ಹಾಕಬೇಕು ನಾನು.
ಸಾಹೇಬರು ಫೋನಿನಾಗ,
"ಅಂಬುಜಾ, ಏನೂ ಬಂದ್ ಆಗಬಾರದು ನೋಡವ್ವ,
ಎಲ್ಲಾ ಚಂದ ಕಾಣಬೇಕು."
ಎರಡೂ ಕೂಡಿಸಿ ಬೇಡಿದರ
ಯಾವ ದ್ಯಾವರು ಕೊಟ್ಟಾನ?

ಮೊದಲು ಮೂಸಿ ನೋಡಿದೆ. ಸುಟ್ಟ ವಾಸನಿ ಇಲ್ಲ.
ಕೆಳಗಿನ ಮೂಲ್ಯಾಗ ಒಣಗಿ ಹಪ್ಪಳಾದ ಹಲ್ಲಿ,
ಗುಟ್ಕಾ ಚೀಟಿ,
ಯಾವುದೋ ವರ್ಷದ ಕ್ಯಾಲೆಂಡರಿನ ಅರ್ಧ ಜುಲೈ.

ಆಮ್ಯಾಲ ಕಂಡವು ಪಟ್ಟಿ.
ಒಂದೊಂದು ತಂತಿ ಕೊರಳಿಗೂ ಬಿಳಿ ಪಟ್ಟಿ,
ಅದರ ಮ್ಯಾಲ ಜಹೀರುದ್ದೀನ ಸಾಹೇಬರ ಕೈಬರಹ.
ಬೀದರಕ್ಕ ವರ್ಗ ಆಗಿ, ಅಲ್ಲೇ ರಿಟೈರಾಗಿ,
ಈಗ ಯಾರ ಫೋನೂ ಎತ್ತದ ಮನಷ್ಯಾ.
ಎಲ್ಲಾ ಉರ್ದು ಅಂಕಿ.
ಒಂದು, ಬಾಯಿ ತೆರೆದ ಗುಬ್ಬಿಮರಿ.
ಇನ್ನೊಂದು, ಅದನ್ನೇ ಬೋರಲು ಹಾಕಿದಾಂಗ.
ಮತ್ತೊಂದು, ತಲಿಕೆಳಗಾದ ಅರಳಿ ಎಲಿ.
ನನ್ನ ಡಿಪ್ಲೊಮಾದಾಗ ಇದು ಇರಲಿಲ್ಲ.

ಟೆಸ್ಟರ್ ಹಚ್ಚಿ ಒಂದೊಂದೇ ಹುಡುಕಿದರ ಬುಧವಾರ ಆಗ್ತದ.
ನೆಲಕ್ಕ ಕುಂತೆ.
ಶಹಾಬಾದ ಫರಸಿ ತಣ್ಣಗಿತ್ತು, ಅಷ್ಟೇ ಸುಖ.

ಕಸಬರಗಿ ಹಿಡಕೊಂಡು ಬಂದಳು ಝುಬೇದಾಬಿ,
ಬಾಗಲದಾಗ ನಿಂತಳು, ಬಗ್ಗಿ ನೋಡಿದಳು,
"ಏಳು" ಅಂದಳು.
ಬೆದರಿ ಎದ್ದು ನಿಂತೆ.
"ನೀ ಅಲ್ಲವ್ವ, ಅದು!
ಬಾಯಿ ತೆರದದ್ದು ಏಳು. ಬೋರಲ ಬಿದ್ದದ್ದು ಎಂಟು."
ನಾಕನೇತ್ತೆ ತನಕ ಉರ್ದು ಸಾಲಿಗೆ ಹೋಗಿದ್ದಳಂತ.
ಇಲ್ಲಿ ಇಪ್ಪತ್ತು ವರ್ಷ ಆತು,
ಏನಾರೆ ಓದು ಅಂತ
ಯಾರೂ ಆಕಿಗೆ ಅಂದಿಲ್ಲ.

ಆಕಿ ಓದಿದಳು, ನಾ ಕನ್ನಡದಾಗ ಬರಕೊಂಡೆ.
ಖರೇ, ಏಳು ಅಂದರ ಯಾವ ಖೋಲಿ?
ಜಹೀರುದ್ದೀನರ ವಹಿ ಎಂದೋ ಇಲಿ ತಿಂದದ.
ಝುಬೇದಾಬಿ ನಕ್ಕಳು:
"ಎಲ್ಲಾ ಮೇಜಿನ ಬುಡ ಗುಡಿಸಾಕಿ ನಾನೇ ಅಲ್ಲೇನು?
ಗ್ವಾಡಿ ಬುಡಕ್ಕ ಇವೇ ಅಂಕಿ ಬರದಾರ.
ಏಳು, ಶಿರಸ್ತೇದಾರರ ಎಡಗಾಲ ಹಂತ್ಯಾಕ.
ಎಂಟು, ರಿಕಾರ್ಡ್ ಖೋಲಿ ಬೀರುವಿನ ಹಿಂದ.
ಹದಿಮೂರು ಜಗ್ಗಬ್ಯಾಡ,
ಅದರ ಮ್ಯಾಲ ದಿನಾ ಚಪ್ಪಲಿ ತಿಕ್ಕತಾರ, ತೊಗಲು ಸುಲದದ."

ಕಾಣುವ ಮೇಜಿಗೆ ಹೆಸರಿನ ಫಲಕ ಇರ್ತಾವ.
ಬುಡದ ಲೆಕ್ಕ
ಬುಡಕ್ಕ ಬಗ್ಗಿದವರ ಕಡೆ.

ಒಂದು ಬಿಚ್ಚೋದು, ಒಂದು ಹಚ್ಚೋದು,
ಹಸರು ದೀಪ ಮಿಣುಕುತನಕ ಉಸಿರು ಹಿಡಿಯೋದು.
ಬಿಗಿ ಕಟ್ಟಬಾರದು.
ಕೂಸಿನ ಉಡದಾರದ ಹಂಗ
ಒಂದು ಬೆರಳು ಆಡಬೇಕು ವೆಲ್ಕ್ರೊ ಪಟ್ಟಿಯೊಳಗ.
ತುದಿಗೆ ತುಸು ಹೆಚ್ಚಿಗಿ ಬಿಡಬೇಕು,
ನಾಳೆ ಯಾರೋ ಮೇಜು ಸರಸತಾರ.
ಮದ್ರಾಸಿನ ಗಾಡಿ ಹೋತು, ಕಿಟಕಿ ಗಡಗಡ ಅಂತು.
ಝುಬೇದಾಬಿ ಡಬ್ಬಿ ಬಿಚ್ಚಿ
ಅರ್ಧ ರೊಟ್ಟಿ, ಪುಂಡಿಪಲ್ಯಾ ಕೊಟ್ಟಳು.

ಸಂಜಿಗೆ ರ‍್ಯಾಕ್ ತಲಿ ಬಾಚಕೊಂಡು ಕುಂತಿತ್ತು.
ಉಳದದ್ದು ಕೆಂಪು ಒಂದು.
ಪಟ್ಟಿ ಇಲ್ಲ, ಛತ್ತಿನ ತೂತಿನಾಗ ಹೊಕ್ಕು
ಎಲ್ಲಿ ಇಳೀತದೋ ಗೊತ್ತಿಲ್ಲ.
"ಇದು ನನಗೂ ತಿಳಿಯಂಗಿಲ್ಲ" ಅಂದಳು ಆಕಿ.
ಆದರ ದೀಪ ಮಿಣುಕತದ.
ಆ ಕಡೆ ಏನೋ ಎಚ್ಚರ ಅದ.

ಪೆನ್ನು ಇಸಕೊಂಡಳು,
ಹೊಸ ಪಟ್ಟಿ ಸುತ್ತಿದಳು,
ಒಂದೇ ಚುಕ್ಕಿ ಇಟ್ಟಳು.
"ಸೊನ್ನಿ" ಅಂದಳು. "ನಮ್ಮದರಾಗ ಸೊನ್ನಿ ಇಷ್ಟೇ ಇರ್ತದ."

ಫೋಟೊ ಕಳಿಸಿದೆ. ಸಾಹೇಬರು ಬರದರು:
"ಭಾಳ ಚಂದ. ಆ ಕೆಂಪರ ಮ್ಯಾಲ ಏನದು, ಹೊಲಸೇನು?
ಒರೆಸಿಬಿಡು."

ಒರೆಸಲಿಲ್ಲ.